ಛೋಟಾ ಶಿಗ್ರಿ: ಹಿಮನದಿ ಅಳೆಯುವ ತಂಡದ ಜೊತೆ ಇಂಟರ್ನ್

ಹಿಮಾಚಲ ಪ್ರದೇಶದ ಲಾಹೌಲ್‌ನಲ್ಲಿ, ಚಂದ್ರಾ ನದಿಯ ದಕ್ಷಿಣಕ್ಕೆ, ಪೀರ್ ಪಂಜಾಲ್ ಸಾಲಿನ ಉತ್ತರದ ಇಳಿಜಾರಿನಲ್ಲಿದೆ ಛೋಟಾ ಶಿಗ್ರಿ ಹಿಮನದಿ. ಉದ್ದ ಸುಮಾರು 9 ಕಿ.ಮೀ., ವಿಸ್ತೀರ್ಣ 15 ಚದರ ಕಿ.ಮೀ.ಗಿಂತ ತುಸು ಹೆಚ್ಚು. ಮೇಲ್ತುದಿ 6,200 ಮೀಟರ್ ದಾಟುತ್ತದೆ, ಕೆಳತುದಿ 4,050ರ ಆಸುಪಾಸಿನಲ್ಲಿ ಮುಗಿಯುತ್ತದೆ. 2002ರಿಂದ ಇಲ್ಲಿ ವರ್ಷ ವರ್ಷವೂ ಒಂದೇ ಲೆಕ್ಕ ನಡೆದಿದೆ: ಎಷ್ಟು ಹಿಮ ಬಂದು ಕೂತಿತು, ಎಷ್ಟು ಕರಗಿ ಹೋಯಿತು, ಉಳಿದದ್ದೆಷ್ಟು. ಹಿಮಾಲಯದಲ್ಲಿ ಇಷ್ಟು ವರ್ಷ ಬಿಡದೆ ಅಳೆದಿರುವ ಹಿಮನದಿಗಳು ತೀರಾ ಕಡಿಮೆ.

ಅಳತೆಗೆ ಹೊರಡುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ. ಬೇಸಿಗೆಯ ಕರಗುವಿಕೆ ಮುಗಿದಿರುತ್ತದೆ, ಚಳಿಗಾಲದ ಹಿಮ ಇನ್ನೂ ಬಿದ್ದಿರುವುದಿಲ್ಲ. ಈ ಕಿಂಡಿ ಸಣ್ಣದು. 2018ರ ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ ಬಿದ್ದ ಅಕಾಲಿಕ ಹಿಮದಲ್ಲಿ ಲಾಹೌಲ್ ಕಣಿವೆಯಲ್ಲಿ ನೂರಾರು ಜನ ಸಿಕ್ಕಿಬಿದ್ದು, ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು. ಹಾಗಾಗಿ ಮುಂದೆ ಹೇಳುವ ದಿನಗಳ ಮೇಲೆ ಇನ್ನೂ ಎರಡು ದಿನದ ಊಟ, ಗ್ಯಾಸು ಹೆಚ್ಚುವರಿಯಾಗಿ ಇರಲೇಬೇಕು.

ಇಂಟರ್ನ್ ಆಗಿ ಬರುವ ವಿದ್ಯಾರ್ಥಿ ತನ್ನ ಕೆಲಸ ಹೊರೆ ಹೊರುವುದು ಅಂದುಕೊಂಡಿರುತ್ತಾನೆ ಅಥವಾ ಅಂದುಕೊಂಡಿರುತ್ತಾಳೆ. ಹೊರೆಯೂ ಇದೆ, ಆದರೆ ನಿಜವಾದ ಕೆಲಸ ನೋಟ್‌ಬುಕ್. ಹಿರಿಯರು ಡ್ರಿಲ್ ಹಿಡಿದಿರುತ್ತಾರೆ, ಹಗ್ಗ ನೋಡುತ್ತಿರುತ್ತಾರೆ. ಅವರು ಕೂಗಿ ಹೇಳುವ ಸಂಖ್ಯೆಯನ್ನು ಬರೆಯುವವರು ಒಬ್ಬರೇ. ಆ ಸಂಖ್ಯೆ ತಪ್ಪಿದರೆ ಅದನ್ನು ತಿದ್ದಲು ಮುಂದಿನ ವರ್ಷವೂ ಆಗುವುದಿಲ್ಲ, ಅಷ್ಟರಲ್ಲಿ ಅಳೆದ ಮೇಲ್ಮೈಯೇ ಕರಗಿ ಹೋಗಿರುತ್ತದೆ.

ದಿನ 1: ಮನಾಲಿ, 2,050 ಮೀಟರ್

ಇವತ್ತು ನಡಿಗೆ ಇಲ್ಲ. ಸಾಮಾನೆಲ್ಲ ಅಂಗಳದಲ್ಲಿ ಹರಡಿ ಒಂದೊಂದನ್ನೂ ಓಡಿಸಿ ನೋಡುವ ದಿನ.

ಮೊದಲು ಸ್ಟೀಮ್ ಡ್ರಿಲ್. ಗ್ಯಾಸ್ ಬರ್ನರ್ ಮೇಲೆ ಕೂರುವ ಸಣ್ಣ ಬಾಯ್ಲರ್, ಅದಕ್ಕೆ ಉಷ್ಣ ನಿರೋಧಕ ಸುತ್ತಿದ ಉದ್ದದ ಹೋಸ್, ಹೋಸಿನ ತುದಿಗೆ ಲೋಹದ ಕೊಳವೆ, ಕೊಳವೆಯ ತುದಿಗೆ ನಾಜಲ್. ತತ್ವ ಅಡುಗೆಮನೆಯ ಕುಕ್ಕರಿನದ್ದೇ. ಹಬೆ ಹೊರಗೆ ಹೋಗುವ ಬದಲು ಹೋಸ್ ಹಿಡಿದು ಇಳಿದು ಮಂಜುಗಡ್ಡೆಯನ್ನು ಕರಗಿಸುತ್ತಾ ತೂತು ಮಾಡುತ್ತದೆ. ಮನಾಲಿಯಲ್ಲೇ ಒಮ್ಮೆ ಪೂರ್ತಿ ಹೊತ್ತಿಸಿ, ಒತ್ತಡ ಏರುವವರೆಗೆ ಕಾದು, ಸೇಫ್ಟಿ ವಾಲ್ವ್ ಬಿಡುತ್ತದೆಯೇ, ಜೋಡಣೆಗಳಲ್ಲಿ ಹಬೆ ಸೋರುತ್ತದೆಯೇ ನೋಡಬೇಕು. ವಾಷರ್, ಓ-ರಿಂಗ್‌ಗಳು ಎರಡೆರಡು ಜೊತೆ ಹೆಚ್ಚಿಗೆ ಇರಲಿ. ಮೇಲೆ ಹೋದಮೇಲೆ ಸೋರುವ ಜೋಡಣೆಗೆ ಔಷಧವಿಲ್ಲ.

ಗ್ಯಾಸ್ ಯಾವುದು ಅನ್ನುವುದೂ ಮುಖ್ಯ. ಬರೀ ಬ್ಯುಟೇನ್ ಸುಮಾರು 0 ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಉರಿ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಎರಡೂ ಬೆರೆತ ಮಿಶ್ರಣ ತಂದರೂ ಮೊದಲು ಪ್ರೊಪೇನ್ ಖಾಲಿಯಾಗುತ್ತಾ ಹೋಗುವುದರಿಂದ ಅರ್ಧಕ್ಕಿಂತ ಕೆಳಗಿಳಿದ ಸಿಲಿಂಡರನ್ನು ಮುಂಜಾನೆಯ ಕೆಲಸಕ್ಕೆ ನಂಬಬಾರದು. ಅದನ್ನು ಅಡುಗೆ ಟೆಂಟಿಗೆ ಬಿಡಿ.

ಆಮೇಲೆ ಬಿದಿರು. ಒಂದೊಂದು ಗಳ 2 ಮೀಟರ್, ಐದು ಸೇರಿಸಿದರೆ 10 ಮೀಟರಿನ ಒಂದು ಸ್ಟೇಕ್, ಅಂದರೆ ಡ್ರಿಲ್ ಕೊರೆದ ತೂತಿಗೆ ಇಳಿಸುವ ಅಳತೆಗೋಲು; ಮಂಜುಗಡ್ಡೆ ಕರಗಿದಷ್ಟೂ ಅದು ಹೊರಗೆ ಕಾಣುತ್ತದೆ. ಎಂಟು ಹೊಸ ಸ್ಟೇಕ್ ಹಾಕುವುದಿದ್ದರೆ 40 ಗಳ, ಮೇಲೆ ಮೂರ್ನಾಲ್ಕು ಹೆಚ್ಚಿಗೆ. ಪ್ರತಿ ಗಳದ ಎರಡೂ ತುದಿಗೆ ತೂತು ಕೊರೆದು, ಒಂದನ್ನು ಇನ್ನೊಂದಕ್ಕೆ ತಂತಿಯಿಂದ ಕಟ್ಟುತ್ತಾರೆ. ಕಟ್ಟು ಬಿಗಿಯಾಗಿರಬಾರದು: ಮಂಜುಗಡ್ಡೆ ಕರಗಿ ಮೇಲಿನ ಗಳ ಪೂರ್ತಿ ಹೊರಬಂದಾಗ ಅದು ಕೆಳಗಿನ ಗಳಕ್ಕೆ ಜೋತುಬಿದ್ದು ಪಕ್ಕಕ್ಕೆ ಮಲಗಬೇಕು, ಇಲ್ಲವಾದರೆ ಗಾಳಿಗೆ ಇಡೀ ಸ್ಟೇಕ್ ಅಲ್ಲಾಡಿ ಮುರಿಯುತ್ತದೆ. ಗಳಗಳಿಗೆ ಸಂಖ್ಯೆ ಹಾಕುವುದು ಇಂಟರ್ನ್ ಕೆಲಸ. ಅಡಿಯಿಂದ ಮೇಲಕ್ಕೆ 1, 2, 3, 4, 5. ಬಣ್ಣ ಬಿಸಿಲಿಗೆ ಒಂದೇ ವರ್ಷದಲ್ಲಿ ಹೋಗುತ್ತದೆ, ಕಾದ ಕಬ್ಬಿಣದಿಂದ ಸುಟ್ಟ ಗುರುತು ಉಳಿಯುತ್ತದೆ. ಎರಡೂ ತುದಿಯಲ್ಲಿ ಗುರುತಿರಲಿ.

ಅಲ್ಯೂಮಿನಿಯಂ ಕೊಳವೆ ಯಾಕೆ ಬೇಡ ಅಂತ ಹೊಸಬರು ಕೇಳುತ್ತಾರೆ. ಲೋಹ ಬಿಸಿಲಲ್ಲಿ ಕಾದು ಆ ಶಾಖವನ್ನು ಕೆಳಕ್ಕೆ ಒಯ್ಯುತ್ತದೆ, ಸುತ್ತ ಗುಂಡಿಯಾಗುತ್ತದೆ, ಬುಡದಲ್ಲಿ ಮುಚ್ಚಳ ಇಲ್ಲದಿದ್ದರೆ ಕೊಳವೆ ತಾನೇ ಒಳಗೆ ಇಳಿಯುತ್ತದೆ. ಇಳಿದರೆ ಕರಗಿದ್ದು ಕಡಿಮೆ ಅಂತ ತೋರಿಸುತ್ತದೆ. ಬಿದಿರು ಶಾಖ ಒಯ್ಯುವುದು ಕಡಿಮೆ, ಹೊರಲು ಹಗುರ, ಮುರಿದರೆ ನಷ್ಟವೂ ಕಡಿಮೆ.

ಇಂಟರ್ನ್‌ನ ಸ್ವಂತ ಚೀಲ 12ರಿಂದ 15 ಕಿಲೋ ದಾಟದಿರಲಿ. ಹೊಸ ಬೂಟು ತರಬೇಡಿ, ಈಗಾಗಲೇ ನಡೆದು ಪಳಗಿದ್ದು ತನ್ನಿ. ತೆಳುವಾದ ಕೈಗವಸು ಒಂದು ಜೊತೆ, ದಪ್ಪದ್ದು ಎರಡು ಜೊತೆ. ತೆಳುವಾದದ್ದು ಬರೆಯುವುದಕ್ಕೆ. ಪೆನ್ನು ಬೇಡ, ಶಾಯಿ ಚಳಿಗೆ ಹೆಪ್ಪುಗಟ್ಟುತ್ತದೆ, ಒದ್ದೆಯಾದರೆ ಹರಡುತ್ತದೆ. 2ಬಿ ಪೆನ್ಸಿಲ್ ಮೂರು, ಅದರಲ್ಲಿ ಒಂದು ದಾರದಿಂದ ನೋಟ್‌ಬುಕ್ಕಿಗೇ ಕಟ್ಟಿದ್ದು. ನೋಟ್‌ಬುಕ್ ನೀರು ನಿರೋಧಕ ಹಾಳೆಯದ್ದು. ಮಡಚುವ 2 ಮೀಟರ್ ಸ್ಕೇಲ್. ಕೆಟಗರಿ 4ರ, ಅಂದರೆ ಅತಿ ಗಾಢ ಬಣ್ಣದ, ಕನ್ನಡಕ. ಹೊಸ ಹಿಮ ಬಿಸಿಲಿನ ಮುಕ್ಕಾಲಿಗಿಂತ ಹೆಚ್ಚನ್ನು ವಾಪಸ್ ಎರಚುತ್ತದೆ, ಮಾಮೂಲಿ ಕಪ್ಪು ಕನ್ನಡಕದ ಪಕ್ಕದಿಂದ ನುಗ್ಗುವ ಬೆಳಕಿಗೇ ಸಂಜೆಯ ಹೊತ್ತಿಗೆ ಕಣ್ಣು ಉರಿದು ತೆರೆಯಲಾಗದೆ ಹೋಗುತ್ತದೆ.

ದಿನ 2: ಮನಾಲಿಯಿಂದ ಛತ್ರು

2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಬಂದಮೇಲೆ ರೋಹ್ತಾಂಗ್ ಕಣಿವೆದಾರಿ ಹತ್ತಿಳಿಯುವ ಕಷ್ಟ ತಪ್ಪಿದೆ. ಸುರಂಗದ ಉತ್ತರದ ಬಾಯಿಂದ ಬಲಕ್ಕೆ ತಿರುಗಿ ಕೋಕ್ಸರ್, ಗ್ರಾಂಫು ಹಾದು ಚಂದ್ರಾ ಕಣಿವೆಯೊಳಗೆ ಹೋದರೆ ಛತ್ರು. ಗ್ರಾಂಫುವಿನಿಂದ ಮುಂದೆ ರಸ್ತೆ ಅಂದರೆ ಬಂಡೆ, ಜಲ್ಲಿ, ಅಡ್ಡ ಹರಿಯುವ ನಾಲೆಗಳು. ಬೆಳಿಗ್ಗೆ ಬೇಗ ಹೊರಡುವುದು ಈ ನಾಲೆಗಳ ಸಲುವಾಗಿ. ರಾತ್ರಿಯ ಚಳಿಗೆ ಮೇಲೆ ಕರಗುವುದು ನಿಂತು ಬೆಳಗಿನ ಜಾವ ನೀರು ಇಳಿದಿರುತ್ತದೆ. ಮಧ್ಯಾಹ್ನದ ಕರಗು ನೀರು ಸಂಜೆಯ ಹೊತ್ತಿಗೆ ಬಂದು ಮುಟ್ಟುತ್ತದೆ. ಬೆಳಿಗ್ಗೆ ಟೈರ್ ಮುಳುಗದ ನಾಲೆ ಸಂಜೆ ಗಾಡಿಯನ್ನೇ ಸರಿಸಬಲ್ಲದು.

ಸುರಂಗದ ಸುಲಭದ ಜೊತೆಗೇ ಒಂದು ತೊಂದರೆಯೂ ಬಂದಿದೆ. ಕೆಲವೇ ಗಂಟೆಗಳಲ್ಲಿ ದೇಹ ಸಾವಿರ ಮೀಟರಿಗಿಂತ ಹೆಚ್ಚು ಮೇಲೇರಿರುತ್ತದೆ, ಅದಕ್ಕೆ ಸುದ್ದಿಯೇ ತಲುಪಿರುವುದಿಲ್ಲ. ಅದಕ್ಕೇ ಇವತ್ತೇ ಬೇಸ್ ಕ್ಯಾಂಪ್‌ಗೆ ಹೋಗದೆ ಛತ್ರುವಿನಲ್ಲಿ ತಂಗುವುದು. ಮಧ್ಯಾಹ್ನ ಮಲಗಬೇಡಿ, ನಿದ್ದೆಯಲ್ಲಿ ಉಸಿರು ಇನ್ನಷ್ಟು ನಿಧಾನವಾಗಿ ತಲೆನೋವು ಏರುತ್ತದೆ. ಗುಡ್ಡದ ಬುಡದಲ್ಲಿ ಒಂದು ಗಂಟೆ ಮೆಲ್ಲಗೆ ಓಡಾಡಿ ಬನ್ನಿ.

ಸಂಜೆ ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆಗಳು ಇವೇ: ತಲೆನೋವು ಇದೆಯೇ, ಊಟ ಸೇರುತ್ತಿದೆಯೇ, ತಲೆ ಸುತ್ತುತ್ತಿದೆಯೇ, ಸುಸ್ತು ಎಷ್ಟು. ತಲೆನೋವಿನ ಜೊತೆ ಇನ್ನೊಂದು ಲಕ್ಷಣ ಸೇರಿದರೆ ಅದನ್ನು ಎತ್ತರದ ಕಾಯಿಲೆ ಎಂದೇ ಹಿಡಿಯಬೇಕು, ಸರಿಹೋಗುವವರೆಗೆ ಮೇಲೆ ಹೋಗಬಾರದು. ಇಂಟರ್ನ್‌ಗಳು ಇದನ್ನು ಮುಚ್ಚಿಡುತ್ತಾರೆ, ತಂಡಕ್ಕೆ ಭಾರವಾದೆ ಅನ್ನಿಸಿಕೊಳ್ಳುವ ಭಯಕ್ಕೆ. ದಯವಿಟ್ಟು ಮುಚ್ಚಿಡಬೇಡಿ. ಛತ್ರುವಿನಲ್ಲಿ ಹೇಳಿದರೆ ಒಂದು ದಿನ ತಡವಾಗುತ್ತದೆ, ಅಷ್ಟೇ. 4,850 ಮೀಟರಿನ ಮೇಲಿನ ಕ್ಯಾಂಪಿನಲ್ಲಿ ಹೇಳಿದರೆ ನಾಲ್ಕು ಜನ ಕೆಲಸ ಬಿಟ್ಟು ರಾತ್ರಿಯಲ್ಲಿ ಹೊತ್ತು ಇಳಿಸಬೇಕಾಗುತ್ತದೆ. ಮುಂಜಾಗ್ರತೆಗೆ ಅಸೆಟಜೋಲಮೈಡ್ 125 ಮಿ.ಗ್ರಾಂ ದಿನಕ್ಕೆರಡು ಸಲ ಕೊಡುವ ರೂಢಿಯಿದೆ. ಸಲ್ಫಾ ಔಷಧಗಳು ಒಗ್ಗದವರು ಇರುವುದರಿಂದ ಊರು ಬಿಡುವ ಮೊದಲೇ ವೈದ್ಯರನ್ನು ಕೇಳಿರಬೇಕು.

ದಿನ 3: ಜೂಲಾ ದಾಟಿ ಬೇಸ್ ಕ್ಯಾಂಪ್, 3,850 ಮೀಟರ್

ಹಿಮನದಿ ಇರುವುದು ಚಂದ್ರಾ ನದಿಯ ಆಚೆ ದಡಕ್ಕೆ. ದಾಟುವುದು ತಂತಿ ಹಗ್ಗಕ್ಕೆ ರಾಟೆಯಿಂದ ತೂಗುಬಿಟ್ಟ ತೊಟ್ಟಿಲಿನಲ್ಲಿ. ಅದಕ್ಕೆ ಜೂಲಾ ಅನ್ನುತ್ತಾರೆ. ಎರಡೂ ದಡದಿಂದ ಎಳೆಯುವ ಹಗ್ಗ ಇರುತ್ತದೆ. ಮೊದಲು ಖಾಲಿ ತೊಟ್ಟಿಲು, ಆಮೇಲೆ ಸಾಮಾನು, ಕೊನೆಗೆ ಜನ. ಸಾಮಾನನ್ನು ಬರೀ ಇಡುವುದಲ್ಲ, ತೊಟ್ಟಿಲಿಗೆ ಕಟ್ಟಬೇಕು. ಜನ ಹಾರ್ನೆಸ್ ತೊಟ್ಟು ತೊಟ್ಟಿಲಿಗಲ್ಲದೆ ಮೇಲಿನ ತಂತಿಗೂ ಪ್ರತ್ಯೇಕವಾಗಿ ಕ್ಯಾರಬೀನರ್ ಕೊಂಡಿ ಸಿಕ್ಕಿಸಿಕೊಳ್ಳಬೇಕು. ಗಾಯವಾಗುವುದು ಹೆಚ್ಚಾಗಿ ಒಂದೇ ರೀತಿ: ನದಿಯ ಮಧ್ಯದಲ್ಲಿ ತೊಟ್ಟಿಲು ನಿಧಾನವಾದಾಗ ಕೂತವರು ತಂತಿಯನ್ನೇ ಹಿಡಿದು ಎಳೆಯಲು ಹೋಗುತ್ತಾರೆ, ಬೆರಳು ರಾಟೆಗೆ ಸಿಕ್ಕುತ್ತದೆ. ಕೈ ಮಡಿಲಲ್ಲಿರಲಿ. ಶಾಲು, ಕೂದಲು ಬಿಗಿದು ಕಟ್ಟಿರಲಿ. ಎಳೆಯುವ ಕೆಲಸ ದಡದವರದ್ದು.

ಬೇಸ್ ಕ್ಯಾಂಪ್‌ನಲ್ಲಿ ಟೆಂಟ್ ಹಾಕುವಾಗ ಮೇಲಿನ ಇಳಿಜಾರು ನೋಡಿ ಹಾಕಿ. ಹುಲ್ಲಿನ ಮೇಲೆ ಹೊಸ ಗಾಯದಂತಹ ಬಿಳಿ ಕಲ್ಲು ಬಿದ್ದಿದ್ದರೆ ಮೇಲಿಂದ ಈಚೆಗೆ ಬಿದ್ದದ್ದು ಅಂತ ಅರ್ಥ. ಈ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ.

ದಿನ 4: ಅದೇ ಕ್ಯಾಂಪ್, ತೊರೆಯ ಅಳತೆ

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಅನ್ನುವುದು ಪರ್ವತ ವೈದ್ಯರ ನಿಯಮ. ಆ ನಿಲ್ಲುವ ದಿನ ಇದು. ಕೈ ಕಟ್ಟಿ ಕೂರುವ ಬದಲು ಹಿಮನದಿಯಿಂದ ಬರುವ ತೊರೆಯಲ್ಲಿ ನೀರಿನ ಪ್ರಮಾಣ ಅಳೆಯಬಹುದು.

ನೇರವಾಗಿ ಹರಿಯುವ 10 ಮೀಟರ್ ತುಂಡು ಆರಿಸಿ, ದಡದಿಂದ ದಡಕ್ಕೆ ಟೇಪ್ ಕಟ್ಟಿ, ಅರ್ಧ ಮೀಟರಿಗೊಂದು ಕಡೆ ಆಳ ಅಳೆದು ಅಡ್ಡಸೀಳಿನ ವಿಸ್ತೀರ್ಣ ಲೆಕ್ಕ ಹಾಕುವುದು. ಮರದ ತುಂಡು ತೇಲಿಬಿಟ್ಟು 10 ಮೀಟರಿಗೆ ಎಷ್ಟು ಸೆಕೆಂಡು ಅಂತ ಹತ್ತು ಸಲ ನೋಡುವುದು. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಸಿಕ್ಕ ವೇಗವನ್ನು 0.85ರಿಂದ ಗುಣಿಸುತ್ತಾರೆ. ಉದಾಹರಣೆಗೆ ಅಡ್ಡಸೀಳು 2.4 ಚದರ ಮೀಟರ್, ತೇಲುವ ವೇಗ ಸೆಕೆಂಡಿಗೆ 1.2 ಮೀಟರ್ ಆದರೆ ಪ್ರಮಾಣ ಸೆಕೆಂಡಿಗೆ ಸುಮಾರು 2.45 ಘನ ಮೀಟರ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆದರೆ ಕರಗು ನೀರಿನ ಏರಿಳಿತ ಕಣ್ಣಿಗೇ ಕಾಣುತ್ತದೆ. ಮೊಣಕಾಲಿಗಿಂತ ಆಳ ಇರುವ ಕಡೆ ಹಗ್ಗ ಇಲ್ಲದೆ ಇಳಿಯುವುದಿಲ್ಲ.

ದಿನ 5: ಮೊರೇನ್ ಹತ್ತಿ ಮಧ್ಯದ ಕ್ಯಾಂಪ್, ಸುಮಾರು 4,300 ಮೀಟರ್

ಇವತ್ತಿನ ದಾರಿ ನೋಡಲು ಸುಲಭ, ನಡೆಯಲು ಕೆಟ್ಟದ್ದು. ಹಿಮನದಿಯ ಕೆಳಭಾಗ ಅದೇ ಹೊತ್ತುತಂದ ಕಲ್ಲುಮಣ್ಣಿನಿಂದ ಮುಚ್ಚಿದೆ, ಅಂಥ ರಾಶಿಗೇ ಮೊರೇನ್ ಅನ್ನುವುದು. ಗಟ್ಟಿ ನೆಲದಂತೆ ಕಾಣುವ ಕಲ್ಲಿನ ಅಡಿಯಲ್ಲಿ ಮಂಜುಗಡ್ಡೆ ಇರುತ್ತದೆ, ಕಾಲಿಟ್ಟ ಕಲ್ಲು ಜಾರುತ್ತದೆ, ಅದರ ಹಿಂದಿನ ನಾಲ್ಕು ಕಲ್ಲೂ ಉರುಳುತ್ತವೆ. ಒಬ್ಬರ ಕೆಳಗೆ ಒಬ್ಬರು ಸಾಲಾಗಿ ಹತ್ತಬೇಡಿ, ಓರೆಯಾಗಿ ಹರಡಿಕೊಳ್ಳಿ. ಕಲ್ಲು ಉರುಳಿದರೆ ಯಾರಿಗೂ ಬಡಿಯುವುದಿಲ್ಲ ಅನ್ನಿಸಿದರೂ ಕೂಗಿ ಹೇಳಿ. ಇಲ್ಲಿ ಕ್ರಾಂಪಾನ್ (ಬೂಟಿನಡಿ ಕಟ್ಟುವ ಲೋಹದ ಮುಳ್ಳು) ಹಾಕಬಾರದು, ಕಲ್ಲಿನ ಮೇಲೆ ಮೊನೆ ಮೊಂಡಾಗುತ್ತದೆ, ಕಣಕಾಲು ಹೊರಳುತ್ತದೆ.

ಸಂಜೆ ಹಗ್ಗದ ಪಾಠ. ಒಂದು ಹಗ್ಗಕ್ಕೆ ನಾಲ್ಕು ಜನ, ನಡುವೆ ಹತ್ತು ಮೀಟರಿನಷ್ಟು ಅಂತರ, ಹಗ್ಗ ನೆಲಕ್ಕೆ ಸವರಿದಂತೆ ಇರಬೇಕು. ಸಡಿಲ ಬಿಟ್ಟರೆ ಮಂಜುಗಡ್ಡೆಯ ಬಿರುಕಿಗೆ ಬಿದ್ದವರು ಅಷ್ಟೂ ಸಡಿಲ ಮುಗಿಯುವವರೆಗೆ ಬಿದ್ದು, ಆ ಝಟಕಾಕ್ಕೆ ಹಿಡಿದವರೂ ಎಳೆದುಕೊಂಡು ಹೋಗುತ್ತಾರೆ. ಹೊಸಬರು ಮಧ್ಯದಲ್ಲಿ. ಕೈಯಲ್ಲಿ ಹಗ್ಗದ ಸುರುಳಿ ಹಿಡಿದು ನಡೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ದಿನ 6: ಕೆಳಗಿನ ಸ್ಟೇಕುಗಳು

ಇಡೀ ಪ್ರವಾಸದ ತಿರುಳು ಇಲ್ಲಿದೆ, ಆದ್ದರಿಂದ ನಿಧಾನವಾಗಿ ಹೇಳಬೇಕು.

ಹೋದ ವರ್ಷದ ಜಿಪಿಎಸ್ ಬಿಂದುವಿಗೆ ಹೋದರೆ ಅಲ್ಲಿ ಸ್ಟೇಕ್ ಇರುವುದಿಲ್ಲ. ಹಿಮನದಿ ಹರಿಯುತ್ತದೆ, ವರ್ಷದಲ್ಲಿ ಹತ್ತಾರು ಮೀಟರ್ ಕೆಳಗೆ ಸ್ಟೇಕನ್ನು ಒಯ್ದಿರುತ್ತದೆ. ಬಿಂದುವಿನಿಂದ ಇಳಿಜಾರಿನ ದಿಕ್ಕಿಗೆ ಹುಡುಕಬೇಕು. ಸಿಕ್ಕ ಕೂಡಲೇ ಯಾರೂ ಮುಟ್ಟಬಾರದು. ಮೊದಲು ಫೋಟೋ: ಒಂದು ದೂರದಿಂದ, ಒಂದು ಬುಡದ್ದು, ಒಂದು ಗಳದ ಮೇಲಿನ ಗುರುತು ಕಾಣುವಂತೆ.

ಮೊದಲ ಪ್ರಶ್ನೆ, ಮಂಜುಗಡ್ಡೆಯಿಂದ ಹೊರಗೆ ನಿಂತಿರುವುದು ಎಷ್ಟನೇ ಗಳ? ಪಕ್ಕದಲ್ಲಿ ಜೋತುಬಿದ್ದ ಗಳಗಳನ್ನು ಎಣಿಸಿ ಉತ್ತರಿಸುವುದು ಅಪಾಯ, ತಂತಿ ತುಂಡಾಗಿ ಒಂದು ಗಳ ದೂರ ಹೋಗಿರಬಹುದು. ಸುಟ್ಟ ಸಂಖ್ಯೆಯನ್ನೇ ಓದಬೇಕು. ಒಂದು ಗಳ ತಪ್ಪಾಗಿ ಎಣಿಸಿದರೆ 2 ಮೀಟರಿನ ತಪ್ಪು, ಕೆಲವು ಸ್ಟೇಕುಗಳಲ್ಲಿ ಅದು ಇಡೀ ವರ್ಷದ ಕರಗುವಿಕೆಯಷ್ಟು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ, ಮಾಡಲು ಇದಕ್ಕಿಂತ ಸುಲಭದ ತಪ್ಪೂ ಇಲ್ಲ.

ಎರಡನೆಯದು, ಆ ಗಳದ ತುದಿಯಿಂದ ಮಂಜುಗಡ್ಡೆಯ ಮೇಲ್ಮೈವರೆಗೆ ಎಷ್ಟು? ಸ್ಟೇಕಿನ ಬುಡದಲ್ಲಿ ಸಾಮಾನ್ಯವಾಗಿ ಬಟ್ಟಲಿನಷ್ಟು ಗುಂಡಿಯಾಗಿರುತ್ತದೆ. ಗುಂಡಿಯ ತಳಕ್ಕೆ ಅಳೆದರೆ ಐದು ಹತ್ತು ಸೆಂಟಿಮೀಟರ್ ಹೆಚ್ಚು ಕರಗಿದಂತೆ ಬರುತ್ತದೆ. ಐಸ್ ಆಕ್ಸನ್ನು ಗುಂಡಿಯ ಮೇಲೆ ಅಡ್ಡ ಮಲಗಿಸಿ ಅದರವರೆಗೆ ಅಳೆಯಿರಿ, ಎರಡು ದಿಕ್ಕಿನಲ್ಲಿ, ಸರಾಸರಿ ಬರೆಯಿರಿ. ಹೊಸ ಹಿಮ ಬಿದ್ದಿದ್ದರೆ ತುದಿಯಿಂದ ಹಿಮದವರೆಗೆ ಒಂದು ಅಳತೆ, ಪ್ರೋಬ್ ಅನ್ನುವ ಉದ್ದನೆಯ ಸರಳು ಚುಚ್ಚಿ ಹಿಮದ ದಪ್ಪ ಇನ್ನೊಂದು ಅಳತೆ. ಎರಡನ್ನೂ ಬೇರೆ ಬೇರೆ ಬರೆಯಬೇಕು, ಮನಸ್ಸಲ್ಲೇ ಕೂಡಿ ಒಂದನ್ನೇ ಬರೆಯಬಾರದು. ತುದಿಯಿಂದ ಹಿಮಕ್ಕೆ 84 ಸೆಂ.ಮೀ., ಹಿಮ 21 ಸೆಂ.ಮೀ. ಅಂದರೆ ಮಂಜುಗಡ್ಡೆಗೆ 105. ಆಮೇಲೆ ಯಾರಾದರೂ ಅನುಮಾನಪಟ್ಟರೆ ಎರಡು ಸಂಖ್ಯೆಗಳಿಂದ ಪತ್ತೆ ಹಚ್ಚಬಹುದು, ಒಂದರಿಂದ ಆಗುವುದಿಲ್ಲ.

ಮೂರನೆಯದು ವಾಲಿಕೆ. ಸ್ಟೇಕ್ 15 ಡಿಗ್ರಿ ವಾಲಿದ್ದರೆ ಅದರ ಉದ್ದಕ್ಕೆ ಅಳೆದ 3 ಮೀಟರ್ ನೆಟ್ಟಗೆ ನೋಡಿದರೆ 2.90 ಮಾತ್ರ. ಹತ್ತು ಸೆಂಟಿಮೀಟರ್ ಹೋಯಿತು. ಫೋನಿನ ಇಳಿಜಾರು ಅಳೆಯುವ ಆ್ಯಪ್ ಇದಕ್ಕೆ ಸಾಕು, ಯಾವ ದಿಕ್ಕಿಗೆ ವಾಲಿದೆ ಅನ್ನುವುದನ್ನೂ ಬರೆಯಿರಿ.

ಲೆಕ್ಕ ಹೀಗೆ: ಹೋದ ವರ್ಷ 5ನೇ ಗಳ 1.20 ಮೀಟರ್ ಹೊರಗಿತ್ತು. ಈ ವರ್ಷ 5ನೇದು ಪೂರ್ತಿ ಮಲಗಿದೆ, 4ನೇದು 1.05 ಮೀಟರ್ ಹೊರಗಿದೆ. ಒಟ್ಟು ಹೊರಬಂದಿರುವುದು 3.05, ಕರಗಿದ್ದು 1.85 ಮೀಟರ್. ಮಂಜುಗಡ್ಡೆಯ ಸಾಂದ್ರತೆ ಘನ ಮೀಟರಿಗೆ 900 ಕಿಲೋ ಅಂತ ಹಿಡಿದರೆ ನೀರಿನ ಲೆಕ್ಕದಲ್ಲಿ 1.67 ಮೀಟರ್ ನಷ್ಟ. ಈ ಲೆಕ್ಕವನ್ನು ಅಲ್ಲೇ ನಿಂತು ಮಾಡಿ. ಮೇಲಿನ ಸ್ಟೇಕ್ 1.6 ತೋರಿಸಿ, ಕೆಳಗಿನದು 1.8 ತೋರಿಸಿ, ನಡುವಿನದು 3.7 ತೋರಿಸಿದರೆ ಗಳ ಎಣಿಸಿದ್ದು ತಪ್ಪಾಗಿದೆಯೋ ಅಂತ ವಾಪಸ್ ಹತ್ತು ಹೆಜ್ಜೆ ಹೋಗಿ ನೋಡಬಹುದು. ಕ್ಯಾಂಪಿಗೆ ಬಂದಮೇಲೆ ಗೊತ್ತಾದರೆ ಅರ್ಧ ದಿನ ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಕಲ್ಲುಮಣ್ಣು ದಪ್ಪಗೆ ಮುಚ್ಚಿದ ಜಾಗದಲ್ಲಿ ಕೆಳಗಿದ್ದೂ ಕಡಿಮೆ ಕರಗಿರುವುದು ಸಹಜ, ಕಲ್ಲು ಬಿಸಿಲು ತಡೆಯುತ್ತದೆ. ಹಾಗಾಗಿ ಪ್ರತಿ ಸ್ಟೇಕಿನ ಸುತ್ತ ಕಲ್ಲು ಎಷ್ಟು ದಪ್ಪ ಅಂತಲೂ ಒಂದು ಸಾಲು ಇರಲಿ.

ಕೂಗಿದ ಸಂಖ್ಯೆಯನ್ನು ಬರೆಯುವವರು ತಿರುಗಿ ಕೂಗಬೇಕು. ಗಾಳಿಯಲ್ಲಿ ಅರವತ್ತೇಳೂ ಎಪ್ಪತ್ತೇಳೂ ಒಂದೇ ಥರ ಕೇಳುತ್ತವೆ. ಅಂಕಿ ಅಂಕಿಯಾಗಿ ಹೇಳಿ: ಆರು, ಏಳು. ತಪ್ಪಾದರೆ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕಕ್ಕೆ ಬರೆಯಬೇಕು.

ದಿನ 7: ಮೇಲಿನ ಕ್ಯಾಂಪ್, ಹವಾಮಾನ ಕೇಂದ್ರ

ಮೊರೇನ್ ಮೇಲೆ 4,863 ಮೀಟರಿನಲ್ಲಿ 2009ರಿಂದ ಸ್ವಯಂಚಾಲಿತ ಹವಾಮಾನ ಕೇಂದ್ರವಿದೆ. ಅದರ ಹತ್ತಿರ ಮಲಗಿದರೆ 500 ಮೀಟರಿನ ನಿಯಮ ತುಸು ಮೀರುತ್ತದೆ. ನಿನ್ನೆ ಏರದೆ ಅದೇ ಕ್ಯಾಂಪಿನಲ್ಲಿ ಮಲಗಿದ್ದು ಅದಕ್ಕೇ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಸಂಜೆ ಎಲ್ಲರೂ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಬೇಕು. ತೂರಾಡಿದವರು, ಸುಮ್ಮನೆ ಕೂತಾಗಲೂ ಏದುಸಿರು ಬಿಡುವವರು ಬೆಳಗಾಗಲಿ ಅಂತ ಕಾಯುವಂತಿಲ್ಲ, ಆಗಲೇ ಜೊತೆಯವರೊಂದಿಗೆ ಇಳಿಯಬೇಕು.

ಕೇಂದ್ರದ ಕೆಲಸದಲ್ಲಿ ಕ್ರಮ ಮುಖ್ಯ. ಏನನ್ನೂ ಸರಿಪಡಿಸುವ ಮೊದಲು ಇದ್ದದ್ದು ಇದ್ದಂತೆ ಫೋಟೋ, ಬ್ಯಾಟರಿ ವೋಲ್ಟೇಜ್, ಕಂಬದ ವಾಲಿಕೆ ಬರೆದುಕೊಂಡು, ಅಳತೆಗಳನ್ನು ದಾಖಲಿಸಿಡುವ ಡೇಟಾಲಾಗರ್‌ನಿಂದ ಮಾಹಿತಿ ಇಳಿಸಿಕೊಳ್ಳಬೇಕು. ಆಮೇಲೆ ಒರೆಸುವುದು, ಮಟ್ಟ ಮಾಡುವುದು. ಬಿಸಿಲು ಅಳೆಯುವ ಸೆನ್ಸರ್ ಪೂರ್ವಕ್ಕೆ ಎರಡು ಮೂರು ಡಿಗ್ರಿ ವಾಲಿದ್ದರೆ ಬೆಳಗಿನ ಬಿಸಿಲು ಹೆಚ್ಚು, ಸಂಜೆಯದು ಕಡಿಮೆ ಅಂತ ತಿಂಗಳುಗಟ್ಟಲೆ ಬರೆದಿಟ್ಟಿರುತ್ತದೆ. ಎಷ್ಟು ವಾಲಿತ್ತು ಅಂತ ಗೊತ್ತಿದ್ದರೆ ತಿದ್ದಬಹುದು, ಮೊದಲೇ ಮಟ್ಟ ಮಾಡಿಬಿಟ್ಟರೆ ಆಗದು. 12 ವೋಲ್ಟಿನ ಬ್ಯಾಟರಿ ತುಂಬಿದಾಗ 12.6 ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಚಳಿಗಾಲ ದಾಟುವುದಿಲ್ಲ, ಬದಲಾಯಿಸಿ. ಪೆಟ್ಟಿಗೆಯೊಳಗಿನ ಸಿಲಿಕಾ ಜೆಲ್ ಬಣ್ಣ ಬದಲಾಗಿದ್ದರೆ ತೇವ ಕುಡಿದಿದೆ, ಹೊಸದು ಹಾಕಿ.

ಇಂಟರ್ನ್‌ಗಳ ಲ್ಯಾಪ್‌ಟಾಪಿನಿಂದ ಆಗುವ ಒಂದು ಹಾನಿ ಬೇರೆಯೇ ಇದೆ. ಲಾಗರ್‌ಗೆ ಸಂಪರ್ಕಿಸಿದಾಗ ಗಡಿಯಾರ ಹೊಂದಿಸಲೇ ಅಂತ ಕೇಳುತ್ತದೆ, ಹೌದು ಅಂತ ಒತ್ತಿಬಿಡುತ್ತಾರೆ. ಲಾಗರ್ ವಿಶ್ವ ಸಮಯದಲ್ಲಿ ಓಡುತ್ತಿದ್ದು ಲ್ಯಾಪ್‌ಟಾಪ್ ಭಾರತೀಯ ಸಮಯದಲ್ಲಿದ್ದರೆ ಆ ಕ್ಷಣದಿಂದ ಐದೂವರೆ ಗಂಟೆ ಜಾರಿಹೋಗುತ್ತದೆ, ಮುಂದಿನ ವರ್ಷ ಬಂದವರಿಗೆ ಮಧ್ಯಾಹ್ನದ ಸೂರ್ಯ ಸಂಜೆ ಕಾಣುತ್ತಾನೆ. ಎರಡೂ ಗಡಿಯಾರದ ಸಮಯ ನೋಟ್‌ಬುಕ್ಕಿನಲ್ಲಿ ಬರೆದು, ಬೇಡ ಅಂತ ಒತ್ತಿ.

ದಿನ 8: ಹೊಸ ಸ್ಟೇಕ್ ಕೊರೆಯುವುದು

ಕೊನೆಯ ಗಳ ಮಾತ್ರ ಒಳಗೆ ಉಳಿದಿರುವ ಸ್ಟೇಕುಗಳ ಪಕ್ಕದಲ್ಲಿ ಹೊಸದು ಬೇಕು. ಹೊಸದನ್ನು ಹೋದ ವರ್ಷದ ಜಾಗದಲ್ಲಲ್ಲ, ಮೊದಲ ಬಾರಿ ನೆಟ್ಟ ಎತ್ತರದ ಹತ್ತಿರ ನೆಡುತ್ತಾರೆ. ಹರಿವು ಕೆಳಗೆ ಒಯ್ಯುತ್ತಲೇ ಇರುವುದರಿಂದ ಹಾಗೆ ಮಾಡದಿದ್ದರೆ ಹತ್ತು ವರ್ಷದಲ್ಲಿ ಎಲ್ಲ ಸ್ಟೇಕುಗಳೂ ಇಳಿದು ಮೇಲಿನ ಪಟ್ಟಿಯ ಅಳತೆಯೇ ಇಲ್ಲವಾಗುತ್ತದೆ.

ಬಾಯ್ಲರಿಗೆ ಸೋಸಿದ ನೀರು. ಹಿಮನದಿಯ ಮೇಲಿನ ಹೊಳೆಯ ನೀರಲ್ಲಿ ಹಿಟ್ಟಿನಂತಹ ಕಲ್ಲುಪುಡಿ ಇರುತ್ತದೆ, ಅದು ನಾಜಲ್ ಕಟ್ಟಿಸುತ್ತದೆ. ಬಟ್ಟೆಯಲ್ಲಿ ಸೋಸಿ ಅರ್ಧ ಗಂಟೆ ಇಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ಗಾಳಿಗೆ ಬರ್ನರ್ ಮರೆಮಾಡಿ. ಒತ್ತಡ ಏರಿದ ಮೇಲೆ ಕೊಳವೆಯನ್ನು ನೆಟ್ಟಗೆ ಹಿಡಿದು ಅದರ ಭಾರಕ್ಕೇ ಇಳಿಯಲು ಬಿಡಬೇಕು. ಒತ್ತಿದರೆ ತೂತು ಸೊಟ್ಟಗಾಗುತ್ತದೆ, ಬಿದಿರು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಇಳಿಯುವುದು ನಿಂತರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಗ್ಯಾಸ್ ಸಿಲಿಂಡರ್ ತಣ್ಣಗಾಗಿದೆ, ಬಾಯ್ಲರಿನಲ್ಲಿ ನೀರು ಮುಗಿದಿದೆ, ಒಳಗೆ ಕಲ್ಲು ಸಿಕ್ಕಿದೆ. ಸಿಲಿಂಡರಿಗೆ ಬಿಸಿನೀರಿನ ಬಾಟಲಿ ಒತ್ತಿ ನೋಡಿ, ಉರಿಗೆ ಹತ್ತಿರ ಹಿಡಿಯಬೇಡಿ. ಕಲ್ಲಾಗಿದ್ದರೆ ಒಂದು ಮೀಟರ್ ಪಕ್ಕಕ್ಕೆ ಹೊಸ ತೂತು, ಹಟ ಬೇಡ.

ತೂತು 10 ಮೀಟರ್ ತಲುಪಿದ ಕೂಡಲೇ ಕೊಳವೆ ಎತ್ತಿ ಬಿದಿರು ಇಳಿಸಬೇಕು. ಮೊದಲು 1ನೇ ಗಳ. ಕಟ್ಟಿದ ಐದೂ ಗಳ ಪಕ್ಕದಲ್ಲಿ ಸಾಲಾಗಿ ಮಲಗಿರಬೇಕು, ಆಗ ಹುಡುಕಾಟ ಇಲ್ಲ. ತಡವಾದರೆ ತೂತಿನ ನೀರು ಗೋಡೆಯಿಂದ ಹೆಪ್ಪುಗಟ್ಟುತ್ತಾ ಕಿರಿದಾಗುತ್ತದೆ. ನೆಟ್ಟಮೇಲೆ ಹೊರಗೆ ಉಳಿದದ್ದು ಎಷ್ಟು, ಎಷ್ಟನೇ ಗಳ, ಸಮಯ, ಜಿಪಿಎಸ್, ಫೋಟೋ ಸಂಖ್ಯೆ. ಹಳೆಯ ಸ್ಟೇಕಿನ ಅಳತೆಯೂ ಅದೇ ಪುಟದಲ್ಲಿ.

ದಿನ 9: 5,200 ಮೀಟರಿನ ಹಿಮದ ಗುಂಡಿ

ಬೆಳಗಿನ ಜಾವ 4ಕ್ಕೆ ಹೊರಡಬೇಕು. ರಾತ್ರಿ ಗಟ್ಟಿಯಾದ ಹಿಮದ ಮೇಲೆ ಕ್ರಾಂಪಾನ್ ಕಚ್ಚುತ್ತದೆ, ಬಿರುಕುಗಳ ಮೇಲಿನ ಹಿಮದ ಸೇತುವೆಯೂ ಗಟ್ಟಿ ಇರುತ್ತದೆ. ಹತ್ತು ಗಂಟೆಯ ಮೇಲೆ ಎರಡೂ ಮೆತ್ತಗಾಗುತ್ತವೆ. ಕೆಲಸ ಮುಗಿದಿರಲಿ ಬಿಡಲಿ, ಎಷ್ಟು ಹೊತ್ತಿಗೆ ತಿರುಗುವುದು ಅಂತ ಹಿಂದಿನ ರಾತ್ರಿಯೇ ತೀರ್ಮಾನಿಸಿ, ಅದನ್ನು ಮೇಲೆ ಹೋಗಿ ಚರ್ಚೆ ಮಾಡಬಾರದು.

ಇಲ್ಲಿ ಕರಗಿದ್ದಕ್ಕಿಂತ ಉಳಿದದ್ದು ಹೆಚ್ಚು, ಹಾಗಾಗಿ ಹೋದ ಬೇಸಿಗೆಯ ಮೇಲ್ಮೈವರೆಗೆ ಅಗೆಯಬೇಕು. ಅದು ಗುರುತಾಗುವುದು ಧೂಳಿನ ಕಂದು ಗೆರೆಯಿಂದ, ಅದರ ಕೆಳಗೆ ಸಲಿಕೆಗೆ ಥಟ್ಟನೆ ಸಿಗುವ ಗಟ್ಟಿತನದಿಂದ. ತೆಳ್ಳಗಿನ ಐಸ್ ಪದರಗಳು ಮೋಸ ಮಾಡುತ್ತವೆ: ನಡುವೆ ಒಂದು ಬೆಚ್ಚನೆಯ ವಾರ ಬಂದಿದ್ದರೂ ಅಂಥ ಪದರ ಆಗುತ್ತದೆ. ಧೂಳು ಇಲ್ಲದ ಪದರವನ್ನು ವರ್ಷದ ಗೆರೆ ಅಂತ ಒಪ್ಪಬೇಡಿ, ಇನ್ನೊಂದು ಮೊಣಕೈ ಆಳ ಅಗೆದು ನೋಡಿ.

ಅಳೆಯುವ ಗೋಡೆ ಬಿಸಿಲಿಗೆ ಬೆನ್ನು ಮಾಡಿರಬೇಕು, ಅದರ ಮೇಲಿನ ಅಂಚನ್ನು ಯಾರೂ ತುಳಿದಿರಬಾರದು. ಮೇಲಿಂದ ಕೆಳಕ್ಕೆ 10 ಸೆಂ.ಮೀ.ಗೊಂದರಂತೆ 500 ಘನ ಸೆಂ.ಮೀ.ನ ಕೊಳವೆಯನ್ನು ಗೋಡೆಗೆ ಅಡ್ಡಡ್ಡ ಒತ್ತಿ, ಎರಡೂ ಬಾಯಿ ಚಪ್ಪಟೆ ಸವರಿ, ತೂಗಬೇಕು. ನಿವ್ವಳ 210 ಗ್ರಾಂ ಬಂದರೆ ಸಾಂದ್ರತೆ 420. 1.80 ಮೀಟರ್ ಪದರದ ಸರಾಸರಿಯೂ ಅಷ್ಟೇ ಆದರೆ ನೀರಿನ ಲೆಕ್ಕದಲ್ಲಿ 0.76 ಮೀಟರ್ ಗಳಿಕೆ. ಕೊಳವೆಯೊಳಗೆ ಅಂಟಿದ ಹಿಮ ಪ್ರತಿ ಸಲ ತೂಕಕ್ಕೆ ಸೇರುತ್ತಾ ಹೋಗುತ್ತದೆ. ಐದು ಅಳತೆಗೊಮ್ಮೆ ಖಾಲಿ ಕೊಳವೆ ತೂಗಿ ಬರೆಯುವುದು ಇಂಟರ್ನ್ ಮರೆಯಬಾರದ ಸಾಲು. ಮುಗಿದ ಮೇಲೆ ಗುಂಡಿ ಮುಚ್ಚಿ.

ದಿನ 10 ಮತ್ತು 11: ಇಳಿದು ಜೂಲಾ ದಾಟುವುದು

ಮೇಲಿನ ಕ್ಯಾಂಪಿನಿಂದ ಬೇಸ್ ಕ್ಯಾಂಪ್‌ವರೆಗೆ ಒಂದೇ ದಿನ. ಮೊಣಕಾಲು ನೋಯುತ್ತದೆ, ಮೊರೇನ್ ಮೇಲೆ ಗಮನ ಸಡಿಲವಾಗುತ್ತದೆ. ಮುರಿದ ಬಿದಿರು, ಹಳೆಯ ತಂತಿ, ಖಾಲಿ ಸಿಲಿಂಡರ್, ಹಳೆಯ ಬ್ಯಾಟರಿ ಎಲ್ಲ ವಾಪಸ್ ಬರಬೇಕು, ಹೊರೆಯ ಲೆಕ್ಕದಲ್ಲಿ ಮೊದಲೇ ಅದಕ್ಕೆ ಜಾಗ ಇಟ್ಟಿರಬೇಕು.

ಬೇಸ್ ಕ್ಯಾಂಪಿನ ರಾತ್ರಿ ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ಇಬ್ಬರ ಫೋನಿನಲ್ಲಿ. ಲಾಗರ್ ಮಾಹಿತಿ ಎರಡು ಪೆನ್‌ಡ್ರೈವಿಗೆ, ಫೈಲ್ ತೆರೆದು ಮೊದಲ ಸಾಲು, ಕೊನೆಯ ಸಾಲಿನ ದಿನಾಂಕ ನೋಡಿದ ಮೇಲೆ ಮಾತ್ರ ಬಂತು ಅಂತ ಲೆಕ್ಕ. ಒಬ್ಬರು ಸಂಖ್ಯೆ ಓದಿ ಇನ್ನೊಬ್ಬರು ಹಾಳೆಗೆ ಏರಿಸುವುದು, ಆಮೇಲೆ ಅದಲುಬದಲಾಗಿ ಮತ್ತೊಮ್ಮೆ. ಬೆಳಿಗ್ಗೆ ಜೂಲಾ ದಾಟುವಾಗ ನೋಟ್‌ಬುಕ್ ಒಂದು ತೊಟ್ಟಿಲಿನಲ್ಲಿ, ಪೆನ್‌ಡ್ರೈವುಗಳು ಇನ್ನೊಂದು ಸಲದ ತೊಟ್ಟಿಲಿನಲ್ಲಿ, ಬೇರೆ ಬೇರೆಯವರ ಜೇಬಿನಲ್ಲಿ ದಾಟಬೇಕು.